ತಾತನ ರೇಡಿಯೋಗೆ ಫೋನ್ ಜೋಡಿಸಿದ ನಾಲ್ಕು ತಿಂಗಳು

ಮೊನ್ನೆ ಭಾನುವಾರ ಕೆಲಸ ಮುಗಿಯಿತು. ಅಮ್ಮ ಅಡುಗೆಮನೆಯಲ್ಲಿ ಕೂತು ತನ್ನ ಫೋನಿನಲ್ಲಿ ಹಾಡು ಹಾಕಿದರೆ, ಹಾಲ್‌ನಲ್ಲಿರುವ ತಾತನ ವಾಲ್ವ್ ರೇಡಿಯೋದಲ್ಲಿ ಕೇಳಿಸುತ್ತದೆ. ವಾಲ್ವ್ ಅಂದರೆ ಟ್ರಾನ್ಸಿಸ್ಟರ್ ಬರುವ ಮುಂಚೆ ಆ ಕೆಲಸ ಮಾಡುತ್ತಿದ್ದ, ಗಾಜಿನ ಬಲ್ಬಿನಂಥ ಭಾಗ. ರೇಡಿಯೋ ರೇಡಿಯೋ ಆಗಿಯೂ ಉಳಿದಿದೆ. ಒಳಗಿನದ್ದನ್ನು ಕಿತ್ತು ಬಿಸಾಡಿಲ್ಲ, ಪೆಟ್ಟಿಗೆಗೆ ಒಂದು ತೂತೂ ಕೊರೆದಿಲ್ಲ. ಇಷ್ಟಕ್ಕೆ ನಾಲ್ಕು ತಿಂಗಳು ಹಿಡಿಯಿತು. ಅದರಲ್ಲಿ ನಿಜವಾದ ಕೆಲಸ ಐದೇ ಭಾನುವಾರದ್ದು. ಉಳಿದದ್ದೆಲ್ಲ ಅಲೆದಾಟ, ಕಾಯುವುದು, ಗೊತ್ತಿಲ್ಲದೆ ಮಾಡಿದ ತಪ್ಪುಗಳು. ತುಮಕೂರಿನಲ್ಲಿ ಇದನ್ನು ಹೇಳಿಕೊಡುವವರು ಈಗ ಕಡಿಮೆ. ಅದಕ್ಕೇ ಎಲ್ಲ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ.

ಗುಬ್ಬಿಯ ಹಳೇ ಮನೆಯ ಹೆಂಚು ಇಳಿಸುವಾಗ ಅಟ್ಟದ ಮೇಲೆ ಗೋಣಿಚೀಲ ಸುತ್ತಿಟ್ಟಿದ್ದ ಪೆಟ್ಟಿಗೆ ಕೆಳಗೆ ಬಂತು. ಫಿಲಿಪ್ಸ್ ರೇಡಿಯೋ. ಮುಂದೆ ಪಿಯಾನೋದಂಥ ಬಿಳಿ ಕೀಗಳು, ಎರಡು ಕಡೆ ದಪ್ಪ ತಿರುಗಣಿಗಳು, ಕಂದು ಬಟ್ಟೆ ಹೊದಿಸಿದ ಸ್ಪೀಕರ್. ಗಾಜಿನ ಮೇಲೆ ಊರುಗಳ ಹೆಸರು, ಪಕ್ಕದಲ್ಲಿ ಮೀಟರ್ ಲೆಕ್ಕ. ಜೊತೆಗೆ ರಬ್ಬರ್ ಬ್ಯಾಂಡ್ ಅಂಟಿಕೊಂಡು ಹೋಗಿದ್ದ ಒಂದು ಚಿಕ್ಕ ಪುಸ್ತಕ. ಅದು ತಾತನ ರೇಡಿಯೋ ಲೈಸೆನ್ಸ್. ಆಗ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳಬೇಕಾದರೆ ಅಂಚೆ ಕಚೇರಿಗೆ ಹೋಗಿ ವರ್ಷಕ್ಕೊಮ್ಮೆ ಹಣ ಕಟ್ಟಬೇಕಿತ್ತು. 1980ರ ದಶಕದಲ್ಲಿ ಅದನ್ನು ತೆಗೆದರು. ತಾತನ ಪುಸ್ತಕದಲ್ಲಿ 1962ರಿಂದ ಸಾಲಾಗಿ ಗುಬ್ಬಿ ಅಂಚೆ ಕಚೇರಿಯ ಮುದ್ರೆಗಳಿದ್ದವು. ಒಂದು ವರ್ಷವೂ ತಪ್ಪಿರಲಿಲ್ಲ.

ನಿಮ್ಮ ಮನೆಯಲ್ಲೂ ಅಂಥ ಪುಸ್ತಕವೋ, ಕೊಂಡ ರಸೀದಿಯೋ ಇದ್ದರೆ ದಯವಿಟ್ಟು ಎಸೆಯಬೇಡಿ. ರೇಡಿಯೋ ಹಿಂದಿನ ರಟ್ಟಿನ ಮೇಲಿದ್ದ ಮಾದರಿ ಸಂಖ್ಯೆಯನ್ನು ಇಲಿ ಕಡಿದಿತ್ತು. ಲೈಸೆನ್ಸ್ ಪುಸ್ತಕದಲ್ಲಿ ಅದನ್ನು ಇಂಕಿನಲ್ಲಿ ಬರೆದಿದ್ದರು. ಅದರಿಂದಲೇ ಮುಂದೆ ಸರ್ಕ್ಯೂಟ್ ನಕ್ಷೆ ಸಿಕ್ಕಿದ್ದು.

“ಅಪ್ಪ ವಾರ್ತೆ ಕೇಳೋವಾಗ ನಾವು ಜೋರಾಗಿ ಉಸಿರೂ ಬಿಡೋ ಹಾಗಿರಲಿಲ್ಲ,” ಅಂದರು ಅಮ್ಮ. ಆಮೇಲೆ ಬಟ್ಟೆಯ ಮೇಲೆ ಕೈಯಾಡಿಸುತ್ತಾ, “ಇದ್ರಲ್ಲಿ ಹಾಡು ಕೇಳಿದ ಮೇಲೆ ಫೋನಿನದು ಹಾಡು ಅನ್ನಿಸೋದೇ ಇಲ್ಲ ಕಣೆ,” ಅಂದರು. ಆ ಮಾತು ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿತು.

ತುಮಕೂರಿಗೆ ತಂದ ಸಂಜೆಯೇ ಮೊದಲ ತಪ್ಪು ಮಾಡಿದೆ. ಧೂಳು ಒರೆಸಿ ನೇರವಾಗಿ ಪ್ಲಗ್ಗಿಗೆ ಹಾಕಿದೆ. ಅರ್ಧ ನಿಮಿಷ ಏನೂ ಇಲ್ಲ. ಆಮೇಲೆ ಗುಂಯ್ ಅಂತ ಒಂದೇ ಸಮನೆ ಸದ್ದು, ಹಿಂದೆಯೇ ಮೇಣ ಕರಗಿದ ವಾಸನೆ. ಮಾವ ಓಡಿಬಂದು ಸ್ವಿಚ್ ಆರಿಸಿದರು. ಇನ್ನೆರಡು ನಿಮಿಷ ಬಿಟ್ಟಿದ್ದರೆ ಟ್ರಾನ್ಸ್‌ಫಾರ್ಮರೇ ಸುಟ್ಟುಹೋಗುತ್ತಿತ್ತು ಅಂತ ಆಮೇಲೆ ಗೊತ್ತಾಯಿತು. ಅದು ಸುಟ್ಟರೆ ಮತ್ತೆ ಸುತ್ತಿಸುವುದು ಬಹಳ ಕಷ್ಟ. ಹತ್ತಾರು ವರ್ಷ ಸುಮ್ಮನಿದ್ದ ರೇಡಿಯೋವನ್ನು ಎಂಥ ಆಸೆಯಾದರೂ ನೇರವಾಗಿ ಕರೆಂಟಿಗೆ ಹಾಕಬೇಡಿ.

ಆಮೇಲೆ ಅಂಗಡಿಗಳ ಅಲೆದಾಟ. ಮೊದಲ ಅಂಗಡಿಯವರು ಹಿಂದಿನ ರಟ್ಟು ತೆಗೆದು ನೋಡಿ, “ಇದನ್ನೆಲ್ಲ ತೆಗೆದುಹಾಕಿ ಒಳಗೆ ಒಂದು ಬ್ಲೂಟೂತ್ ಬೋರ್ಡ್ ಕೂರಿಸ್ತೀನಿ ಮೇಡಂ. 1,800 ರೂಪಾಯಿ. ನಾಳೆ ಸಂಜೆಗೆ ಕೊಡ್ತೀನಿ,” ಅಂದರು. ಅವರ ಪಾಲಿಗೆ ಅದು ಒಳ್ಳೆಯ ಸಲಹೆಯೇ. ನನಗೆ ಮಾತ್ರ ಹೊಟ್ಟೆ ಚುರ್ ಅಂದಿತು. ಒಳಗಿನದ್ದನ್ನೆಲ್ಲ ತೆಗೆದರೆ ಉಳಿಯುವುದು ತಾತನ ರೇಡಿಯೋ ಅಲ್ಲ, ತಾತನ ಪೆಟ್ಟಿಗೆ. ಎರಡನೇ ಕಡೆ 500 ರೂಪಾಯಿ ಮುಂಗಡ ತೆಗೆದುಕೊಂಡು ಮೂರು ವಾರ ಇಟ್ಟುಕೊಂಡರು. ಹೋದಾಗಲೆಲ್ಲ “ನಾಳೆ ಬನ್ನಿ.” ಕೊನೆಗೆ ವಾಪಸ್ ತಂದಾಗ ಕೆಲಸವೂ ಆಗಿರಲಿಲ್ಲ, ಒಂದು ತಿರುಗಣಿಯೂ ಇರಲಿಲ್ಲ. ರೇಡಿಯೋ ಯಾರಿಗೇ ಕೊಡಿ, ಕೊಡುವ ಮುಂಚೆ ನಾಲ್ಕೂ ಕಡೆಯಿಂದ ಫೋಟೋ ತೆಗೆದುಕೊಳ್ಳಿ. ತಿರುಗಣಿಗಳನ್ನು ಬಿಚ್ಚಿ ಮನೆಯಲ್ಲೇ ಇಟ್ಟುಕೊಳ್ಳಿ.

ಮೂರನೆಯವರು ಸಿಕ್ಕಿದ್ದು ಪುಣ್ಯ. ಐಟಿಐನಲ್ಲಿ ಪಾಠ ಮಾಡಿ ರಿಟೈರ್ ಆದವರು, ಎಪ್ಪತ್ತೈದು ದಾಟಿದೆ. ಕ್ಯಾತ್ಸಂದ್ರದ ಕಡೆ ಮನೆ. ಎಲ್ಲರೂ ಮೇಷ್ಟ್ರು ಅಂತಲೇ ಕರೆಯುತ್ತಾರೆ. ಅಂಗಡಿಯಿಲ್ಲ, ವರಾಂಡದಲ್ಲಿ ಒಂದು ಮೇಜು ಅಷ್ಟೇ. ಫೋನಿನಲ್ಲೇ ಷರತ್ತು ಹಾಕಿದರು: “ಭಾನುವಾರ ಮಾತ್ರ ಬಾಮ್ಮ. ನನ್ನ ಕೈ ನಡುಗುತ್ತೆ. ನಾನು ಹೇಳ್ತೀನಿ, ಬೆಸುಗೆ ನೀನೇ ಹಾಕ್ಬೇಕು.” ಜೀವನದಲ್ಲಿ ಸೋಲ್ಡರಿಂಗ್ ಐರನ್ ಮುಟ್ಟಿರಲಿಲ್ಲ ನಾನು. ಒಪ್ಪಿಕೊಂಡೆ.

ಮೊದಲ ಭಾನುವಾರ ಅವರು ಪ್ಲಗ್ಗಿನ ಹತ್ತಿರ ಹೋಗಲೇ ಇಲ್ಲ. ಟಾರ್ಚ್ ಹಿಡಿದು ವಾಲ್ವ್‌ಗಳ ಮೇಲಿನ ಹೆಸರು ಓದಿಸಿದರು. ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80. ಜೊತೆಗೆ ಹಸಿರು ಬೆಳಕು ತೋರಿಸುವ ಮ್ಯಾಜಿಕ್ ಐ, ಇಎಂ 80. “ಎಲ್ಲಾ ‘ಇ’ಯಿಂದ ಶುರುವಾಗ್ತಿದೆ, ಬದುಕಿದೆವು,” ಅಂದರು.

ಇದೊಂದನ್ನು ಚೆನ್ನಾಗಿ ಓದಿಕೊಳ್ಳಿ, ಯಾಕೆಂದರೆ ಇದು ಜೀವದ ಪ್ರಶ್ನೆ. ವಾಲ್ವ್ ಹೆಸರು ‘ಇ’ಯಿಂದ ಶುರುವಾದರೆ ಅದರ ಒಳಗೆ ಕಾಯುವ ತಂತಿಗೆ, ಅಂದರೆ ಫಿಲಮೆಂಟ್‌ಗೆ 6.3 ವೋಲ್ಟ್ ಬೇಕು. ಸಾಮಾನ್ಯವಾಗಿ ಅಂಥ ರೇಡಿಯೋದಲ್ಲಿ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಅದು ರೇಡಿಯೋವನ್ನು ಮನೆಯ ಕರೆಂಟಿನಿಂದ ಬೇರ್ಪಡಿಸುತ್ತದೆ. ‘ಯು’ನಿಂದ ಶುರುವಾದರೆ, ಅಂದರೆ ಯುಸಿಎಚ್, ಯುಎಲ್, ಯುವೈ ಅಂತಿದ್ದರೆ, ಫಿಲಮೆಂಟ್‌ಗಳನ್ನೆಲ್ಲ ಒಂದರ ಹಿಂದೊಂದು, ಅಂದರೆ ಸೀರೀಸ್‌ನಲ್ಲಿ ಜೋಡಿಸಿ ನೇರವಾಗಿ ಮನೆಯ ಕರೆಂಟಿಗೆ ಕೊಟ್ಟಿರುತ್ತಾರೆ. ಅಲ್ಲಿ ಚಾಸಿಸ್ಸೇ, ಅಂದರೆ ಎಲ್ಲ ಭಾಗಗಳನ್ನೂ ಕೂರಿಸಿರುವ ಕಬ್ಬಿಣದ ಚೌಕಟ್ಟೇ, ಕರೆಂಟಿನ ಒಂದು ತಂತಿಗೆ ಸೇರಿಕೊಂಡಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಚಾಸಿಸ್ ಮೇಲೆ 230 ವೋಲ್ಟ್. ಅದಕ್ಕೆ ಫೋನಿನ ವೈರ್ ಜೋಡಿಸಿದರೆ ಆ 230 ವೋಲ್ಟ್ ನಿಮ್ಮ ಕೈಗೆ ಬರುತ್ತದೆ. ಅಂಥ ರೇಡಿಯೋ ಆದರೆ ಕರೆಂಟನ್ನು ಬೇರ್ಪಡಿಸುವ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಮುಂದೆ ಹೋಗಬೇಡಿ. ಮನೆಯ ಸ್ಟೆಬಿಲೈಸರ್ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಸಾಮಾನ್ಯವಾಗಿ ಅದರಲ್ಲಿರುವುದು ಆಟೋ ಟ್ರಾನ್ಸ್‌ಫಾರ್ಮರ್. ಅದು ಕರೆಂಟನ್ನು ಬೇರ್ಪಡಿಸುವುದಿಲ್ಲ.

ಹೆಸರು ಓದಿದ ಮೇಲೂ ಮೇಷ್ಟ್ರು ಬಿಡಲಿಲ್ಲ. ಹಳೇ ಮುಳ್ಳಿನ ಮೀಟರ್ ತೆಗೆದು, ಪ್ಲಗ್ಗಿನ ಒಂದೊಂದು ಪಿನ್ನಿಗೂ ಚಾಸಿಸ್ಸಿಗೂ ನಡುವೆ ಹಿಡಿಯಲು ಹೇಳಿದರು. ಮುಳ್ಳು ಅಲುಗಲಿಲ್ಲ, ಅಂದರೆ ಚಾಸಿಸ್ಸಿಗೆ ಕರೆಂಟಿನ ತಂತಿ ಸೇರಿಲ್ಲ. ಆಮೇಲಷ್ಟೇ ಕಾಫಿ ಬಂತು.

ಎರಡನೇ ಭಾನುವಾರಕ್ಕೆ ಸಾಮಾನು ಬೇಕಿತ್ತು. ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಎಸ್‌.ಪಿ. ರಸ್ತೆಯಲ್ಲಿ ತಂದೆ. ಚೀಟಿಯಲ್ಲಿದ್ದದ್ದು ಹೆಚ್ಚಾಗಿ ಕಂಡೆನ್ಸರ್‌ಗಳೇ. ಕರೆಂಟನ್ನು ಸ್ವಲ್ಪ ಹೊತ್ತು ಹಿಡಿದಿಡುವ ಬಿಡಿಭಾಗ ಅದು. ಈಗ ಕೆಪಾಸಿಟರ್ ಅನ್ನುತ್ತೇವೆ, ಮೇಷ್ಟ್ರು ಕಂಡೆನ್ಸರ್ ಅಂತಲೇ ಅನ್ನುತ್ತಾರೆ. ಹಳೆಯವು ಕಾಗದ ಸುತ್ತಿ ಮೇಣ ಹಾಕಿದ ಸಿಗರೇಟ್ ಗಾತ್ರದವು. ಕಾಲ ಕಳೆದಂತೆ ಅವುಗಳಲ್ಲಿ ಕರೆಂಟ್ ಸೋರುತ್ತದೆ. ಮೇಣದ ವಾಸನೆ ಬಂದಿದ್ದು ಅಲ್ಲಿಂದಲೇ. ಬದಲಿಗೆ 630 ವೋಲ್ಟಿನ ಪಾಲಿಯೆಸ್ಟರ್ ಕೆಪಾಸಿಟರ್ ಹಾಕಬೇಕು. ಅಂಗಡಿಯಲ್ಲಿ 100 ವೋಲ್ಟಿನವು ಅದೇ ಬಣ್ಣದಲ್ಲಿ ಸಿಗುತ್ತವೆ. ಮೇಲೆ ಬರೆದ ಸಂಖ್ಯೆ ಓದಿಯೇ ತೆಗೆದುಕೊಳ್ಳಿ. ಒಳಗೆ ಓಡುವುದು 250 ವೋಲ್ಟಿನ ಆಸುಪಾಸು.

ಅವುಗಳಲ್ಲೆಲ್ಲ ಮುಖ್ಯವಾದದ್ದು ಒಂದು. ಸಣ್ಣ ವಾಲ್ವಿನಿಂದ ಸ್ಪೀಕರ್ ನಡೆಸುವ ಇಎಲ್ 84ಕ್ಕೆ ಸದ್ದು ದಾಟಿಸುವ ಕೆಪಾಸಿಟರ್. ಅದು ಸೋರಿದರೆ ಇಎಲ್ 84ರ ಗ್ರಿಡ್ಡಿಗೆ, ಅಂದರೆ ಸದ್ದು ಒಳಗೆ ಹೋಗುವ ಕಡೆಗೆ, ಇರಬಾರದ ವೋಲ್ಟೇಜ್ ಬರುತ್ತದೆ. ವಾಲ್ವ್ ಕೆಂಪಗೆ ಕಾಯುತ್ತದೆ, ತಾನೂ ಸಾಯುತ್ತದೆ, ಟ್ರಾನ್ಸ್‌ಫಾರ್ಮರನ್ನೂ ಸಾಯಿಸುತ್ತದೆ. ಬೇರೇನು ಬದಲಿಸದಿದ್ದರೂ ಅದನ್ನು ಬದಲಿಸಲೇಬೇಕು. ಗುಂಯ್ ಅನ್ನುವ ಸದ್ದಿಗೆ ಕಾರಣ ಬೇರೆ, ಒಣಗಿದ ದೊಡ್ಡ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು. ಅವುಗಳ ಜಾಗಕ್ಕೆ 47 ಮೈಕ್ರೋಫ್ಯಾರಡ್, 450 ವೋಲ್ಟಿನವು ಎರಡು ಬಂದವು. ದೊಡ್ಡದು ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಂತ ಕೇಳಿದೆ. “ಬೇಡಮ್ಮ, ಇಝಡ್ 80 ತಡಕೊಳ್ಳೋದು 50ರ ತನಕ ಮಾತ್ರ,” ಅಂದರು. ಎಸಿ ಕರೆಂಟನ್ನು ಡಿಸಿ ಮಾಡುವ ವಾಲ್ವ್ ಅದು.

ಬೆಸುಗೆ ಕಲಿತದ್ದನ್ನು ನಾನು ಮರೆಯಲಾರೆ. ಅವರ ನಡುಗುವ ಬೆರಳು ನಕ್ಷೆಯ ಮೇಲೆ ಒಂದು ಗೆರೆ ತೋರಿಸುತ್ತದೆ. ನಾನು ಅದೇ ಗೆರೆಯನ್ನು ಚಾಸಿಸ್ಸಿನ ಅಡಿಯಲ್ಲಿ ಹುಡುಕಬೇಕು. ಮಾದರಿ ಸಂಖ್ಯೆಯಿಂದ ಹುಡುಕಿದ ಆ ನಕ್ಷೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡ ಹಾಳೆಗೆ ತೆಗೆಸಿಕೊಂಡು ಹೋಗಿದ್ದೆ. ಒಂದು ಕೆಪಾಸಿಟರ್ ತೆಗೆದು, ಅದೇ ಜಾಗಕ್ಕೆ ಹೊಸದು ಹಾಕಿ, ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಟಿಕ್. ಎಲ್ಲ ಒಟ್ಟಿಗೆ ಕೀಳಬಾರದು, ಒಂದೊಂದೇ. “ಐರನ್ನಿಂದ ಲೆಡ್ ಕರಗಿಸಬೇಡ. ಜಾಯಿಂಟ್ ಕಾಯಿಸು, ಲೆಡ್ ತಾನೇ ಹರೀತದೆ,” ಅಂತ ಹತ್ತು ಸಲವಾದರೂ ಹೇಳಿದ್ದಾರೆ. ಹನ್ನೊಂದನೇ ಜಾಯಿಂಟಿನಲ್ಲಿ ಲೆಡ್ ನೀರಿನಂತೆ ಹರಿದು ಹೊಳೆಯಿತು. ಮೇಷ್ಟ್ರು ಏನೂ ಹೇಳದೆ ಮುಂದಿನ ಕೆಪಾಸಿಟರ್ ಕೈಗಿಟ್ಟರು.

ಇನ್ನೆರಡು ಮಾತು. ಪ್ಲಗ್ ತೆಗೆದ ಮೇಲೂ ದೊಡ್ಡ ಕೆಪಾಸಿಟರ್‌ಗಳಲ್ಲಿ ಕರೆಂಟ್ ಉಳಿದಿರುತ್ತದೆ. ಅದನ್ನು ರೆಸಿಸ್ಟರ್, ಅಂದರೆ ಕರೆಂಟನ್ನು ತಡೆಯುವ ಬಿಡಿಭಾಗದ, ಮೂಲಕ ಇಳಿಸಿ, ಮೀಟರ್ ಇಟ್ಟು ಸೊನ್ನೆ ನೋಡಿಯೇ ಕೈ ಹಾಕಬೇಕು. ರೇಡಿಯೋ ಆನ್ ಇರುವಾಗ ಅಳತೆ ಮಾಡುವುದಾದರೆ ಒಂದು ಕೈ ಬೆನ್ನ ಹಿಂದೆ. ಎರಡೂ ಕೈ ಒಳಗಿದ್ದರೆ ಶಾಕ್ ಎದೆಯ ಮೂಲಕ ದಾಟುತ್ತದೆ. ಇವು ನಿಮಗೆ ಹೊಸದಾದರೆ ತಿಳಿದವರು ಪಕ್ಕದಲ್ಲಿಲ್ಲದೆ ಹಿಂದಿನ ರಟ್ಟು ತೆಗೆಯಬೇಡಿ.

ಮೂರನೇ ಭಾನುವಾರ ಕರೆಂಟ್ ಕೊಡಬೇಕಿತ್ತು. ಬಲ್ಬ್ ಇಲ್ಲದೆ ನಿಂತುಹೋಯಿತು. ಮೊದಲ ಸಲ ಆನ್ ಮಾಡುವಾಗ ಸೀರೀಸ್ ಬೋರ್ಡ್ ಬೇಕು. ಅಂದರೆ ರೇಡಿಯೋ ಜೊತೆಗೆ ಒಂದು 60 ವ್ಯಾಟಿನ ಹಳೇ ತಂತಿ ಬಲ್ಬ್ ಸೀರೀಸ್‌ನಲ್ಲಿ. ಒಳಗೆ ಎಲ್ಲಾದರೂ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ರೇಡಿಯೋ ಉಳಿಯುತ್ತದೆ. ಎಲ್‌ಇಡಿ ಬಲ್ಬ್ ಈ ಕೆಲಸಕ್ಕೆ ಬರುವುದಿಲ್ಲ. ತಂತಿ ಬಲ್ಬ್ ಈಗ ಎಲ್ಲಿದೆ? ಎಂ.ಜಿ. ರಸ್ತೆಯಿಂದ ಮಂಡಿಪೇಟೆವರೆಗೆ ಕೇಳಿಕೊಂಡು ಹೋದೆ. ಎರಡು ವಾರ ಹೀಗೇ ಹೋಯಿತು. ಕೊನೆಗೆ ಸಿಕ್ಕಿದ್ದು ನಮ್ಮ ಗುಬ್ಬಿ ಮನೆಯ ಬಚ್ಚಲಿನಲ್ಲಿ. ಹೊಗೆ ಹಿಡಿದು ಕಪ್ಪಾಗಿತ್ತು, ಆದರೆ ಉರಿಯುತ್ತಿತ್ತು.

ಬಲ್ಬ್ ಸಿಕ್ಕ ಮೇಲೆ ಕರೆಂಟ್ ಕೊಟ್ಟ ದಿನ ಅಮ್ಮನೂ ಬಂದಿದ್ದರು. ಅಷ್ಟರಲ್ಲಿ ಪುಡಿಯಾಗಿದ್ದ ಹಳೇ ರಬ್ಬರ್ ವೈರ್ ತೆಗೆದು ಮೂರು ಪಿನ್ನಿನ ಹೊಸ ವೈರ್ ಹಾಕಿದ್ದೆವು. ಚಾಸಿಸ್ಸಿಗೆ ಅರ್ಥ್, ಕರೆಂಟಿನ ದಾರಿಯಲ್ಲಿ ಒಂದು ಫ್ಯೂಸ್. ಸ್ವಿಚ್ ಹಾಕಿದೆ. ಬಲ್ಬ್ ಒಮ್ಮೆ ಜೋರಾಗಿ ಹೊಳೆದು ನಿಧಾನಕ್ಕೆ ಮಂಕಾಯಿತು. “ಸರಿಯಾಗಿದೆ,” ಅಂದರು ಮೇಷ್ಟ್ರು. ಬಲ್ಬ್ ತೆಗೆದು ನೇರವಾಗಿ ಕೊಟ್ಟೆವು. ವಾಲ್ವ್‌ಗಳೊಳಗೆ ಸಣ್ಣ ಕೆಂಪು ಹತ್ತಿಕೊಂಡಿತು. ಸದ್ದು ಬಂತು, ಆದರೆ ಪೀಚಲು. ಇಎಲ್ 84 ಸೋತಿತ್ತು. ಮೇಷ್ಟ್ರು ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬ ತಂದರು. ಹತ್ತಿಯಲ್ಲಿ ಸುತ್ತಿದ್ದ ವಾಲ್ವ್, ಮೇಲೆ ಬಿಇಎಲ್ ಗುರುತು. ಜಾಲಹಳ್ಳಿಯ ಬಿಇಎಲ್‌ನಲ್ಲಿ ಆಗ ರೇಡಿಯೋ ವಾಲ್ವ್‌ಗಳನ್ನೂ ಮಾಡುತ್ತಿದ್ದರು. ಅದನ್ನು ಕೂರಿಸಿ, ಕಿಟಕಿಗೆ ಐದಾರು ಅಡಿ ವೈರ್ ಏರಿಯಲ್ ಕಟ್ಟಿದೆವು.

ಆಕಾಶವಾಣಿ ಬೆಂಗಳೂರು ಈಗ 612 ಕಿಲೋಹರ್ಟ್ಸ್. ನಮ್ಮ ಗಾಜಿನ ಮೇಲೆ ಇರುವುದು ಮೀಟರ್ ಲೆಕ್ಕ, ಅಂದರೆ ರೇಡಿಯೋ ಅಲೆಯ ಉದ್ದ. 3,00,000ವನ್ನು 612ರಿಂದ ಭಾಗಿಸಿದರೆ 490. ಮುಳ್ಳನ್ನು 490ರ ಹತ್ತಿರ ತಂದೆ. ಮ್ಯಾಜಿಕ್ ಐನ ಹಸಿರು ಬೆಳಕು ಬೀಸಣಿಗೆಯಂತೆ ಅಲುಗಿತು. ಹಿಂದೆಯೇ ಒಬ್ಬರ ದನಿ, ಕನ್ನಡದಲ್ಲಿ, ಪಕ್ಕದಲ್ಲೇ ಕೂತು ಮಾತಾಡಿದ ಹಾಗೆ. ಅಮ್ಮ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೂ ಗಂಟಲು ಕಟ್ಟಿತು.

ಇನ್ನು ಫೋನ್. ಇದು ಸುಲಭ ಅಂದುಕೊಂಡಿದ್ದೆ. ರೇಡಿಯೋ ಬೆನ್ನಿನಲ್ಲಿ ಅದಕ್ಕೆಂದೇ ಜಾಗವಿದೆ. ಆ ಕಾಲದ ತುಂಬಾ ರೇಡಿಯೋಗಳಲ್ಲಿ ಗ್ರಾಮಫೋನ್ ಜೋಡಿಸಲು ಎರಡು ತೂತುಗಳನ್ನು ಇಟ್ಟಿರುತ್ತಿದ್ದರು. ಪಕ್ಕದಲ್ಲಿ ಹಾಡಿನ ತಟ್ಟೆಯ ಚಿತ್ರವೋ, ‘ಪಿಯು’ ಅಂತಲೋ, ‘ಗ್ರಾಮ್’ ಅಂತಲೋ ಇರುತ್ತದೆ. ಬಿಳಿ ಕೀಗಳಲ್ಲಿ ಒಂದರ ಮೇಲೂ ಅದೇ ತಟ್ಟೆ ಗುರುತು. ಆ ಕೀ ಒತ್ತಿದರೆ ಸ್ಟೇಷನ್ ಹಿಡಿಯುವ ಭಾಗ ಸುಮ್ಮನಾಗಿ, ಸದ್ದು ದೊಡ್ಡದು ಮಾಡುವ ಭಾಗ ಮಾತ್ರ ಕೆಲಸ ಮಾಡುತ್ತದೆ. ಅರವತ್ತು ವರ್ಷದ ಹಿಂದೆ ತಟ್ಟೆಗೆ ಬಿಟ್ಟ ಬಾಗಿಲಿನಿಂದ ಇವತ್ತು ಫೋನ್ ಒಳಗೆ ಬರಬಹುದು. ಒಳಗಿನದ್ದನ್ನು ಕೀಳಬೇಡಿ ಅಂತ ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ.

ಒಂದು ಎಚ್ಚರಿಕೆ. ಅದೇ ಸಾಲಿನಲ್ಲಿ ಏರಿಯಲ್, ಅರ್ಥ್, ಹೊರಗಿನ ಸ್ಪೀಕರ್‌ನ ತೂತುಗಳೂ ಇರುತ್ತವೆ. ನೋಡಲು ಎಲ್ಲ ಒಂದೇ ಥರ. ಸ್ಪೀಕರ್ ತೂತಿಗೆ ಫೋನ್ ವೈರ್ ಹಾಕಿದರೆ ಫೋನೇ ಹಾಳಾಗಬಹುದು.

ಮನೆಯಲ್ಲಿದ್ದ ಫೋನ್ ವೈರಿನ ಒಂದು ತುದಿ ಕತ್ತರಿಸಿ ಎರಡು ಬನಾನಾ ಪಿನ್ ಹಾಕಿದೆ. ತೂತು ಎರಡು, ಫೋನಿನಲ್ಲೂ ಎಡ ಬಲ ಎರಡು. ಎಡದ್ದು ಒಂದಕ್ಕೆ, ಬಲದ್ದು ಇನ್ನೊಂದಕ್ಕೆ. ಮೂರನೇ ತಂತಿ ಉಳಿಯಿತು. ಅದಕ್ಕೆ ಟೇಪ್ ಸುತ್ತಿ ಬಿಟ್ಟೆ. ತಟ್ಟೆ ಕೀ ಒತ್ತಿ ಅಮ್ಮನಿಗೆ ಇಷ್ಟವಾದ ಒಂದು ಹಳೇ ಚಿತ್ರಗೀತೆ ಹಾಕಿದೆ. ಪಿಟೀಲು ಬಂತು, ಕೊಳಲು ಬಂತು, ತಬಲಾ ದೂರದಲ್ಲಿ ಕೇಳಿಸಿತು. ಪಲ್ಲವಿ ಶುರುವಾಗಬೇಕಾದ ಕಡೆ ಯಾರೂ ಹಾಡಲಿಲ್ಲ. ಹಾಡುವವರ ಜಾಗದಲ್ಲಿ ಬಾವಿಯೊಳಗಿಂದ ಬಂದಂಥ ಒಂದು ಮಾರ್ದನಿ ಅಷ್ಟೇ.

“ಹಾಡೋರು ಎಲ್ಲಿ ಹೋದ್ರೆ?” ಅಂದರು ಅಮ್ಮ.

ಬೇರೆ ಹಾಡು ಹಾಕಿದೆ, ಬೇರೆ ಫೋನ್ ಹಾಕಿದೆ. ಅದೇ. ಇನ್ನೂ ಹಳೆಯದೊಂದು ಹಾಡಿಗೆ ಸದ್ದೇ ಇಲ್ಲ, ಪೂರ್ತಿ ಮೌನ. ವಾಲ್ವ್ ಹೋಯಿತು, ಏನೋ ಸುಟ್ಟೆ ಅಂತ ಜೀವ ಬಾಯಿಗೆ ಬಂತು. ಮೀಡಿಯಂ ವೇವ್ ಕೀ ಒತ್ತಿದರೆ 612 ಮಾತ್ರ ಚೆನ್ನಾಗಿಯೇ ಬರುತ್ತಿತ್ತು. ಒಂದು ವಾರ ಇದರಲ್ಲೇ ಒದ್ದಾಡಿದೆ.

ನಾಲ್ಕನೇ ಭಾನುವಾರ ಮೇಷ್ಟ್ರು ವೈರ್ ನೋಡಿದ ತಕ್ಷಣ ಟೇಪ್ ಸುತ್ತಿದ್ದ ಮೂರನೇ ತಂತಿಯನ್ನು ಹಿಡಿದು ಎತ್ತಿದರು. “ಇದಮ್ಮ ನಿನ್ನ ಗಾಯಕರು.”

ವಿಷಯ ಇಷ್ಟು. ಈ ರೇಡಿಯೋ ಮೋನೋ, ಅದಕ್ಕೆ ಇರುವುದು ಒಂದೇ ಕಿವಿ. ಎರಡು ತೂತು ಅಂದರೆ ಎಡ ಬಲ ಅಲ್ಲ. ಒಂದು ಸದ್ದು ಒಳಗೆ ಹೋಗುವ ದಾರಿ, ಇನ್ನೊಂದು ಚಾಸಿಸ್, ಅಂದರೆ ಗ್ರೌಂಡ್. ನಾನು ಎಡವನ್ನು ಒಂದಕ್ಕೆ, ಬಲವನ್ನು ಇನ್ನೊಂದಕ್ಕೆ ಕೊಟ್ಟಾಗ ರೇಡಿಯೋಗೆ ಸಿಕ್ಕಿದ್ದು ಎರಡರ ನಡುವಿನ ವ್ಯತ್ಯಾಸ ಮಾತ್ರ. ಹಾಡುವವರ ದನಿಯನ್ನು ಸಾಮಾನ್ಯವಾಗಿ ಎಡಕ್ಕೂ ಬಲಕ್ಕೂ ಸಮನಾಗಿ ಇಟ್ಟಿರುತ್ತಾರೆ. ಸಮನಾದದ್ದರಲ್ಲಿ ಸಮನಾದದ್ದನ್ನು ಕಳೆದರೆ ಸೊನ್ನೆ, ಅಲ್ವಾ? ಹಾಗಾಗಿ ದನಿ ಮಾಯ. ಒಂದು ಬದಿಗೆ ಇಟ್ಟಿದ್ದ ಪಿಟೀಲು, ಕೊಳಲು ಉಳಿದವು. ಪೂರ್ತಿ ಮೌನವಾದ ಹಾಡು ಮೋನೋ ಕಾಲದ್ದು, ಅದರಲ್ಲಿ ಎಡ ಬಲ ಎರಡೂ ಒಂದೇ. ನಿಮಗೂ ಹೀಗೇ ಆದರೆ ಹೆದರಬೇಡಿ, ಏನೂ ಸುಟ್ಟಿಲ್ಲ. ಗ್ರೌಂಡ್ ತಂತಿ ಸೇರಿಲ್ಲ, ಅಷ್ಟೇ. ಜ್ಯಾಕ್ ಪೂರ್ತಿ ಒಳಗೆ ಹೋಗದಿದ್ದರೂ ಕೆಲವು ಸಲ ಹೀಗೇ ಕೇಳಿಸುತ್ತದೆ.

ಹಾಗಂತ ಎಡ ಬಲ ತಂತಿಗಳನ್ನು ಸುಮ್ನೆ ಹೊಸೆದು ಸೇರಿಸಬಾರದು. ಫೋನಿನ ಎರಡು ಕಡೆಯ ಆಂಪ್ಲಿಫೈಯರ್‌ಗಳು ಒಂದಕ್ಕೊಂದು ಎದುರಾಗುತ್ತವೆ. ಎಡಕ್ಕೊಂದು, ಬಲಕ್ಕೊಂದು 1 ಕಿಲೋ ಓಮ್ ರೆಸಿಸ್ಟರ್ ಹಾಕಿ, ಆಚೆ ತುದಿಗಳನ್ನು ಒಂದು ಮಾಡಿ, ಅಲ್ಲಿಂದ 0.1 ಮೈಕ್ರೋಫ್ಯಾರಡ್, 630 ವೋಲ್ಟಿನ ಕೆಪಾಸಿಟರ್ ಮೂಲಕ ಸದ್ದಿನ ತೂತಿಗೆ. ಒಳಗಿನ ವೋಲ್ಟೇಜ್ ಎಂದಾದರೂ ಹೊರಗೆ ಬಂದರೆ ಆ ಕೆಪಾಸಿಟರ್ ಫೋನನ್ನು ಕಾಯುತ್ತದೆ. ಮೂರನೇ ತಂತಿ ಚಾಸಿಸ್ ತೂತಿಗೆ. ಯಾವುದು ಚಾಸಿಸ್ ತೂತು ಅಂತ ಮೀಟರ್‌ನಲ್ಲಿ ನೋಡಿಕೊಳ್ಳಿ. ರೆಸಿಸ್ಟರ್ ಒಂದೆರಡು ರೂಪಾಯಿ. ವೈರ್ ಮಾತ್ರ ಜಾಲರಿ ಸುತ್ತಿದ ಶೀಲ್ಡ್ ವೈರೇ ಆಗಿರಲಿ, ಇಲ್ಲದಿದ್ದರೆ ಮನೆಯ ಕರೆಂಟಿನ ಗುಂಯ್ ಸೇರಿಕೊಳ್ಳುತ್ತದೆ.

ಎಲ್ಲವನ್ನೂ ಒಂದು ಸಣ್ಣ ಡಬ್ಬಿಯೊಳಗೆ ಕೂರಿಸಿ, ಅದೇ ಹಾಡು ಮತ್ತೆ ಹಾಕಿದೆ. ಈ ಸಲ ಗಾಯಕರು ಬಂದರು. ಮೇಷ್ಟ್ರ ಮನೆಯವರೂ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತು ಕೇಳಿದರು.

ಮನೆಗೆ ತಂದ ಮೇಲೂ ಎರಡು ತೊಡಕು. ಫೋನ್ ಚಾರ್ಜಿಗೆ ಹಾಕಿದರೆ ರೇಡಿಯೋದಲ್ಲಿ ಜುಂಯ್ ಅಂತ ಶುರುವಾಗುತ್ತಿತ್ತು. ಚಾರ್ಜರ್‌ನಿಂದ ಸೋರುವ ಸಣ್ಣ ಕರೆಂಟ್ ವೈರ್ ಮೂಲಕ ಚಾಸಿಸ್ಸಿಗೆ, ಅಲ್ಲಿಂದ ಅರ್ಥ್‌ಗೆ ಹರಿಯುವುದರಿಂದ ಹಾಗೆ. ಚಾರ್ಜರ್ ತೆಗೆದರೆ ನಿಂತಿತು. ಹಾಗಾಗಿ ವೈರ್ ಗೊಡವೆಯೇ ಬೇಡ ಅಂತ 650 ರೂಪಾಯಿಗೆ ಬ್ಲೂಟೂತ್ ರಿಸೀವರ್ ತಂದೆ. ಅಮ್ಮನ ಫೋನಿನಲ್ಲಿ ಹೆಡ್‌ಫೋನ್ ಜ್ಯಾಕ್ ಇರಲಿಲ್ಲವಾದ್ದರಿಂದ ಹೇಗೂ ಅದು ಬೇಕಿತ್ತು. ಅದನ್ನು ಮೊದಲು ಪವರ್ ಬ್ಯಾಂಕಿಗೆ ಹಾಕಿದೆ. ಹಾಡು ಅರ್ಧ ನಿಮಿಷ ಬಂದು ನಿಂತುಬಿಡುತ್ತಿತ್ತು. ರಿಸೀವರ್ ಕೆಟ್ಟಿದೆ ಅಂದುಕೊಂಡೆ. ಅದು ಎಳೆಯುವ ಕರೆಂಟ್ ತುಂಬಾ ಕಮ್ಮಿ. ಪವರ್ ಬ್ಯಾಂಕ್ ಏನೂ ಜೋಡಿಸಿಲ್ಲ ಅಂದುಕೊಂಡು ತಾನೇ ಆರಿಹೋಗುತ್ತಿತ್ತು. ಅಂಗಡಿಯವರು ಒಳ್ಳೆಯವರು, ಒಳಗೇ ಬ್ಯಾಟರಿ ಇರುವ ರಿಸೀವರ್‌ಗೆ ಬದಲಾಯಿಸಿ ಕೊಟ್ಟರು. ನೀವು ಮೊದಲೇ ಅಂಥದ್ದನ್ನು ತೆಗೆದುಕೊಳ್ಳಿ. ರೇಡಿಯೋದ ಒಳಗಿನಿಂದಲೇ ಅದಕ್ಕೆ ಕರೆಂಟ್ ಕೊಡುವ ಯೋಚನೆಯೂ ಬೇಡ. ಹಾಗೆ ಮಾಡಿದರೆ ಸಣ್ಣಗೆ ಕುಂಯ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ ಅಂತ ಮೇಷ್ಟ್ರು ಮೊದಲೇ ಹೇಳಿದ್ದರು. ರಿಸೀವರನ್ನು ಕಬ್ಬಿಣದ ಚಾಸಿಸ್ ಹತ್ತಿರ ಇಡಬೇಡಿ. ಮರದ ಪೆಟ್ಟಿಗೆಯ ಮೇಲ್ಭಾಗದ ಹಿಂದೆ ಇಟ್ಟರೆ ಅಡುಗೆಮನೆಯವರೆಗೂ ಚೆನ್ನಾಗಿ ಹಿಡಿಯುತ್ತದೆ.

ಫೋನಿನ ಸದ್ದನ್ನು ಮುಕ್ಕಾಲಿಗೆ ಇಟ್ಟು, ಉಳಿದದ್ದನ್ನು ರೇಡಿಯೋದ ತಿರುಗಣಿಯಲ್ಲಿ ಮಾಡಿಕೊಳ್ಳಿ. ನಿಮ್ಮ ರೇಡಿಯೋದಲ್ಲಿ ತೂತು ಇದ್ದು ತಟ್ಟೆ ಕೀ ಇಲ್ಲದಿದ್ದರೆ, ಮುಳ್ಳನ್ನು ಯಾವ ಸ್ಟೇಷನ್ನೂ ಇಲ್ಲದ ಕಡೆ ಇಡಿ. ತೂತೇ ಇಲ್ಲದಿದ್ದರೆ ವಾಲ್ಯೂಮ್ ಕಂಟ್ರೋಲ್ ಹತ್ತಿರ ಕೆಪಾಸಿಟರ್ ಮೂಲಕ ಒಂದು ದಾರಿ ಮಾಡಬಹುದು. ಅದು ಬಲ್ಲವರ ಕೈಯಲ್ಲೇ ಆಗಬೇಕು.

ಖರ್ಚಿನ ಲೆಕ್ಕ ಕೇಳುವವರಿಗೆ. ಕೆಪಾಸಿಟರ್, ರೆಸಿಸ್ಟರ್ ಎಲ್ಲ ಸೇರಿ 420. ವೈರ್, ಪ್ಲಗ್, ಫ್ಯೂಸ್ 180. ಸೀರೀಸ್ ಬೋರ್ಡ್ 120. ಬ್ಲೂಟೂತ್ ರಿಸೀವರ್ 650, ಶೀಲ್ಡ್ ವೈರು ಪಿನ್ನು 150. ಕಳೆದ ತಿರುಗಣಿಗೆ ಹೊಂದುವ ಇನ್ನೊಂದು 200. ಓಡಾಟಕ್ಕೆ 300. ವಾಪಸ್ ಬರದ ಮುಂಗಡ 500. ಮೇಷ್ಟ್ರು ದುಡ್ಡು ಬೇಡವೆಂದರು. ಬಲವಂತ ಮಾಡಿ 1,500 ಕೊಟ್ಟೆ. ವಾಲ್ವಿಗೆ ಮಾತ್ರ ತೆಗೆದುಕೊಳ್ಳಲೇ ಇಲ್ಲ. ಒಟ್ಟು 4,020. ಅಂಥ ಇಎಲ್ 84 ಕೊಂಡಿದ್ದರೆ ಇನ್ನೊಂದು ಸಾವಿರವಾದರೂ ಆಗುತ್ತಿತ್ತು.

ಈಗ ಬೆಳಿಗ್ಗೆ ಅಮ್ಮ ಮೀಡಿಯಂ ವೇವ್ ಕೀ ಒತ್ತಿ 612 ಕೇಳುತ್ತಾರೆ. ಮನೆಯಲ್ಲಿ ಎಲ್‌ಇಡಿ ದೀಪ ಉರಿಯುತ್ತಿದ್ದರೆ ಚರಚರ ಅನ್ನುತ್ತದೆ. ಹಾಲಿನ ದೀಪ ಆರಿಸಿಯೇ ಕೂರುತ್ತಾರೆ. ಸಂಜೆ ತಟ್ಟೆ ಕೀ. ಫೋನಿನಲ್ಲಿ ಆಕಾಶವಾಣಿಯ ನ್ಯೂಸ್ ಆನ್ ಏರ್ ಆ್ಯಪ್ ಹಾಕಿಕೊಟ್ಟಿದ್ದೇನೆ. ಅದರಲ್ಲಿ ಧಾರವಾಡ ಕೇಂದ್ರ ಹಾಕಿದರೆ ತಾತನ ಸ್ಪೀಕರ್‌ನಲ್ಲಿ ಧಾರವಾಡ ಬರುತ್ತದೆ.

ಮೊನ್ನೆ ಅಮ್ಮ ಕೇಳಿದರು, “ಫೋನಿನ ಹಾಡಿಗೆ ಆ ಹಸಿರು ಕಣ್ಣು ಯಾಕೆ ಅಲುಗಲ್ಲ?” ಅದು ಸದ್ದನ್ನು ನೋಡುವ ಕಣ್ಣಲ್ಲ, ಗಾಳಿಯಲ್ಲಿ ಬರುವ ಸ್ಟೇಷನ್ನಿನ ಬಲ ನೋಡುವ ಕಣ್ಣು ಅಂತ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಎದ್ದು ಹೋದರು. ಮೀಡಿಯಂ ವೇವ್ ಕೀ ಒತ್ತಿ, ಮುಳ್ಳನ್ನು 490ರ ಹತ್ತಿರ ಆ ಕಡೆ ಈ ಕಡೆ ನಿಧಾನಕ್ಕೆ ಆಡಿಸುತ್ತಾ, ಹಸಿರು ಅಗಲವಾಗುವುದನ್ನೂ ಕಿರಿದಾಗುವುದನ್ನೂ ನೋಡುತ್ತಾ ಕತ್ತಲಲ್ಲಿ ಕೂತಿದ್ದರು.